ಮಳೆ ರಜೆಯನ್ನು ಲೆಕ್ಕಕ್ಕೆ ಹಿಡಿದು ವಾರ ಹೊಂದಿಸಿ: ಉದ್ಯೋಗಸ್ಥ ಅಮ್ಮಂದಿರಿಗೆ

ಮಂಗಳೂರು, ಉಡುಪಿ ಕಡೆ ಕೆಲಸಕ್ಕೆ ಹೋಗುವ ಅಮ್ಮಂದಿರ ದಿನಚರಿ ಮಾಮೂಲಿ ಸೋಮವಾರ ಕೆಡುವುದಿಲ್ಲ. ಜುಲೈಯಲ್ಲಿ ರೆಡ್ ಅಲರ್ಟ್ ಬಂದು, ಅಂಗನವಾಡಿಯಿಂದ ಪಿಯುಸಿವರೆಗೆ ರಜೆ ಎಂದು ಜಿಲ್ಲಾಧಿಕಾರಿಗಳು ಆದೇಶ ಹೊರಡಿಸಿದ ದಿನ ಕೆಡುತ್ತದೆ. ಮಕ್ಕಳಿಗೆ ರಜೆ, ಆಫೀಸಿಗೆ ಇಲ್ಲ. ಆದ್ದರಿಂದ ವಾರದ ಯೋಜನೆಯನ್ನು ಆ ದಿನದಿಂದಲೇ ಶುರು ಮಾಡಿ.

ಮೇ ತಿಂಗಳಲ್ಲೇ ಗಂಡ ಹೆಂಡತಿ ಕೂತು ಇಬ್ಬರ ಉಳಿದ ರಜೆ ಎಷ್ಟೆಂದು ಬರೆದುಕೊಳ್ಳಿ. ಮೊದಲ ಮಳೆ ರಜೆ ಅವರದ್ದು, ಎರಡನೆಯದು ನಿಮ್ಮದು, ಮೂರನೆಯದಕ್ಕೆ ಅಜ್ಜಿ ಅಥವಾ ಡೇ ಕೇರ್ ಎಂದು ಸರದಿ ಗೊತ್ತು ಮಾಡಿ. ಬೆಳಿಗ್ಗೆ ಆರಕ್ಕೆ ಚರ್ಚೆಗೆ ಕೂತರೆ ರಜೆ ಹಾಕುವವರು ಪ್ರತಿ ಸಲ ಅಮ್ಮನೇ. ಡೇ ಕೇರ್‌ಗೆ ಸೇರಿಸುವ ಮುಂಚೆ ಎರಡು ಪ್ರಶ್ನೆ ಕೇಳಿ: ಮಳೆ ರಜೆಗೆ ನೀವೂ ಬಾಗಿಲು ಹಾಕುತ್ತೀರಾ? ಒಂದು ದಿನದ ಮಟ್ಟಿಗೆ ಮಗುವನ್ನು ಬಿಡಬಹುದೇ? ವಾಟ್ಸಾಪ್‌ನಲ್ಲಿ ಬರುವ ರಜೆ ಆದೇಶದ ದಿನಾಂಕ ನೋಡದೆ ನಂಬಬೇಡಿ. ಹಳೆಯ ಆದೇಶಗಳೂ ಹರಿದಾಡುತ್ತವೆ. ಶಾಲೆಯ ಗ್ರೂಪಿನಲ್ಲಿ ಖಚಿತಪಡಿಸಿಕೊಳ್ಳಿ.

ಅಡುಗೆಮನೆಯಲ್ಲಿ ಸಮಯ ತಿನ್ನುವುದು ಕುಚ್ಚಲಕ್ಕಿ ಮತ್ತು ಕಾಯಿ ಮಸಾಲೆ. ಬೆಳಿಗ್ಗೆ 6ಕ್ಕೆ ಅಕ್ಕಿಯನ್ನು 15–20 ನಿಮಿಷ ಚೆನ್ನಾಗಿ ಕುದಿಸಿ ಥರ್ಮಲ್ ಕುಕ್ಕರ್‌ನಲ್ಲಿಟ್ಟರೆ ಡಬ್ಬಿ ಕಟ್ಟುವ ಹೊತ್ತಿಗೆ ತಾನಾಗಿ ಬೆಂದಿರುತ್ತದೆ, ಗ್ಯಾಸ್ ಮುಂದೆ ನಿಲ್ಲಬೇಕಿಲ್ಲ. ಕುದಿ ಬರುವ ಮೊದಲೇ ಒಳಗಿಟ್ಟರೆ ಅಕ್ಕಿಯ ನಡು ಗಟ್ಟಿಯಾಗಿಯೇ ಉಳಿಯುತ್ತದೆ, ಮತ್ತೆ ಕುದಿಸುವ ಕೆಲಸ. ಮಸಾಲೆಗೆ ಭಾನುವಾರ 15 ಬ್ಯಾಡಗಿ ಮೆಣಸು, 3 ಚಮಚ ಕೊತ್ತಂಬರಿ, 1 ಚಮಚ ಜೀರಿಗೆ, ಕಾಲು ಚಮಚ ಮೆಂತೆ ಬೇರೆ ಬೇರೆ ಹುರಿದು, ಪೂರ್ತಿ ಆರಿದ ಮೇಲೆ ಪುಡಿ ಮಾಡಿ. ಬಿಸಿ ಇರುವಾಗಲೇ ಮುಚ್ಚಿದರೆ ಒಳಗೆ ನೀರಾಡುತ್ತದೆ, ನಮ್ಮ ಮಳೆಗಾಲದ ಹವೆಗೆ ಬೇಗ ಬೂಸ್ಟು ಬರುತ್ತದೆ. ಸಣ್ಣ ಬಾಟಲಿಗಳಲ್ಲಿ ತುಂಬಿಸಿಟ್ಟರೆ ವಾರದ ದಿನ ಕಾಯಿ, ಹುಳಿ ಮಾತ್ರ ಸೇರಿಸಿ ಅರೆದರಾಯಿತು. ಹಿಟ್ಟು ಹುಳಿ ಬರುವುದನ್ನು ಕಾಯಲಾಗದ ವಾರ ನೀರ್‌ದೋಸೆಯೇ ಸರಿ: ರಾತ್ರಿ ನೆನೆಸಿ, ಬೆಳಿಗ್ಗೆ ನುಣ್ಣಗೆ ಅರೆದು ಹಾಲಿನಷ್ಟು ತೆಳ್ಳಗೆ ಮಾಡಿದರೆ ಕೂಡಲೇ ಹೊಯ್ಯಬಹುದು.

ಮನೆಗೆಲಸವನ್ನು ತುಂಡು ತುಂಡಾಗಿ ಅಲ್ಲ, ಇಡಿಯಾಗಿ ಹಂಚಿ. “ಸ್ವಲ್ಪ ಸಹಾಯ ಮಾಡಿ” ಅಂದರೆ ನೆನಪಿಡುವ ಹೊರೆ ನಿಮ್ಮ ತಲೆಯಲ್ಲೇ ಉಳಿಯುತ್ತದೆ. ಬಟ್ಟೆ ಗಂಡನ ಪಾಲಿಗೆ ಬಂದರೆ ಒಗೆಯುವುದು, ಮಳೆಯಲ್ಲಿ ಒಣಗದ ಯೂನಿಫಾರ್ಮನ್ನು ರಾತ್ರಿ ಫ್ಯಾನ್ ಕೆಳಗೆ ಹರಡುವುದು, ಸೋಪಿನ ಪುಡಿ ಮುಗಿಯಿತೆಂದು ನೋಡುವುದು ಎಲ್ಲ ಅವರದ್ದೇ. ಮೊದಲ ಕೆಲವು ವಾರ ಮಡಿಕೆ ಸರಿ ಇರುವುದಿಲ್ಲ. ನೀವು ಮತ್ತೆ ಮಡಚಲು ಹೋಗಬೇಡಿ. ಹೋದಿರೋ, ಕೆಲಸ ನಿಮಗೇ ವಾಪಸ್.

ಇನ್ನು ನಿಮ್ಮ ಸ್ವಂತ ಆಸೆ. ಮುಕ್ತ ವಿಶ್ವವಿದ್ಯಾನಿಲಯದ ಎಂಎ ಇರಲಿ, ಇಲಾಖಾ ಪರೀಕ್ಷೆ ಇರಲಿ, ಯಕ್ಷಗಾನದ ಹೆಜ್ಜೆ ಇರಲಿ, “ಎಲ್ಲ ಮುಗಿದ ಮೇಲೆ” ಅಂತ ಇಟ್ಟರೆ ಅದು ನಡೆಯುವುದೇ ಇಲ್ಲ. ವಾರಕ್ಕೆ ಒಂದೂವರೆ ಗಂಟೆಯ ಎರಡು ಹೊತ್ತು ಸಾಕು, ಆದರೆ ಯಾವ ದಿನ, ಎಷ್ಟು ಗಂಟೆಗೆ ಎಂದು ಗೊತ್ತಿರಬೇಕು, ಕ್ಯಾಲೆಂಡರಿನಲ್ಲಿ ಎಲ್ಲರಿಗೂ ಕಾಣಬೇಕು. ರಾತ್ರಿ ಪಾತ್ರೆ ತೊಳೆದ ಮೇಲೆ ಓದಲು ಕೂತರೆ ಎರಡನೇ ಪುಟಕ್ಕೆ ನಿದ್ದೆ; ಬೆಳಿಗ್ಗೆ ಅಥವಾ ಮನೆಯ ಹೊರಗೆ, ಗ್ರಂಥಾಲಯದಲ್ಲಿ, ಕೂರುವುದು ಒಳ್ಳೆಯದು. ಶನಿವಾರವೊಂದನ್ನೇ ನೆಚ್ಚಬೇಡಿ: ಮಳೆ ರಜೆ ಸರಿದೂಗಿಸಲು ಶಾಲೆಗಳು ಶನಿವಾರ ಪೂರ್ಣ ದಿನ ನಡೆಸುವುದುಂಟು, ಆಗ ಮಗುವನ್ನು ಕರೆತರುವ ಹೊತ್ತೇ ಬದಲಾಗುತ್ತದೆ. ಉಡುಪಿಯಿಂದ ಮಂಗಳೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಬರುವವರು ಪಾಠವನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ ಕೇಳಬಹುದು. ಬರೆಯುವ ಕೆಲಸಕ್ಕೆ ಬಸ್ಸನ್ನು ನಂಬಬೇಡಿ.

ಹಸುಗೂಸಿನ ತಾಯಂದಿರು ಆಫೀಸಿಗೆ ಮರಳುವ ಮುನ್ನ ಎಚ್‌ಆರ್ ಜೊತೆ ಹಕ್ಕಿನ ಮಾತಾಡಲು ಹಿಂಜರಿಯಬೇಡಿ. ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳ ಸಹಿತ ಹೆರಿಗೆ ರಜೆ ಬಂತು. 50 ಅಥವಾ ಹೆಚ್ಚು ಉದ್ಯೋಗಿಗಳಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕೊಡಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಅಲ್ಲಿಗೆ ಹೋಗಬಹುದು. ಮಗುವಿಗೆ 15 ತಿಂಗಳಾಗುವವರೆಗೆ ಹಾಲೂಡಿಸಲು ಎರಡು ಬಿಡುವೂ ಇದೆ. ಬಾಯಿಮಾತಲ್ಲಿ ಕೇಳಿ ಬಿಡಬೇಡಿ, ಇಮೇಲ್ ಹಾಕಿ, ಉತ್ತರವನ್ನು ಇಟ್ಟುಕೊಳ್ಳಿ.