ಶೀತ ವಾಸಿಯಾದ ಮೇಲೆ ಕಾಲು ಸೋತರೆ

ಕಾಲಲ್ಲಿ ಶಕ್ತಿಯಿಲ್ಲ ಎಂದು ಬಂದವರನ್ನು ನಾನು ಮೊದಲು ಕೇಳುವುದು ಕಾಲಿನ ವಿಚಾರವಲ್ಲ. "ಹೋದ ತಿಂಗಳು ಶೀತ, ಕೆಮ್ಮು, ಜ್ವರ ಏನಾದರೂ ಬಂದಿತ್ತೇ? ಭೇದಿಯಾಗಿತ್ತೇ?" ಅನೇಕರು ಇಲ್ಲ ಅಂದುಬಿಡುತ್ತಾರೆ. ಪಕ್ಕದಲ್ಲಿ ನಿಂತ ಹೆಂಡತಿಯೋ ಮಗಳೋ "ಬಂದಿತ್ತಲ್ಲ, ಕೆಮ್ಮಿ ಕೆಮ್ಮಿ ರಾತ್ರಿಯೆಲ್ಲ ನಿದ್ದೆಯಿರಲಿಲ್ಲವಲ್ಲ" ಎಂದು ನೆನಪಿಸುತ್ತಾರೆ. ವಾಸಿಯಾದ ಶೀತವನ್ನು ಯಾರು ನೆನಪಿಟ್ಟುಕೊಳ್ಳುತ್ತಾರೆ? ಅದಕ್ಕೇ ಈ ಪ್ರಶ್ನೆಯನ್ನು ಮನೆಯವರಿಗೂ ಪ್ರತ್ಯೇಕವಾಗಿ ಕೇಳುತ್ತೇನೆ.

ನಾನು ನರರೋಗ ವೈದ್ಯ. ಗಿಲಾನ್ ಬಾರಿ ಸಿಂಡ್ರೋಮ್, ಅಂದರೆ ಜಿಬಿಎಸ್, ಅಪರೂಪದ ಕಾಯಿಲೆ. ವರ್ಷಕ್ಕೆ ಲಕ್ಷ ಜನರಲ್ಲಿ ಒಬ್ಬಿಬ್ಬರಿಗೆ ಬರುತ್ತದೆ. ಅವರಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಜನರಿಗೆ ಹಿಂದಿನ ಆರು ವಾರಗಳೊಳಗೆ ಉಸಿರಾಟದ ಅಥವಾ ಹೊಟ್ಟೆಯ ಸೋಂಕು ಆಗಿರುತ್ತದೆ. ಸೋಂಕಿನ ವಿರುದ್ಧ ದೇಹ ತಯಾರಿಸಿದ ಪ್ರತಿಕಾಯಗಳು ಗುರುತು ತಪ್ಪಿ ನಮ್ಮದೇ ನರಗಳ ಮೇಲೆ ಬೀಳುತ್ತವೆ. ಭೇದಿ ತರುವ ಕ್ಯಾಂಪಿಲೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾದ ಹೊರಮೈಯಲ್ಲಿರುವ ಸಕ್ಕರೆಯ ಅಣುಗಳಿಗೂ ನರಗಳಲ್ಲಿರುವ ಗ್ಯಾಂಗ್ಲಿಯೋಸೈಡ್ ಎಂಬ ಸಕ್ಕರೆ ಸೇರಿದ ಕೊಬ್ಬಿನ ಅಣುಗಳಿಗೂ ಇರುವ ಹೋಲಿಕೆ ಚೆನ್ನಾಗಿ ಸಾಬೀತಾಗಿದೆ. ಉಸಿರಾಟದ ಕಡೆಯಿಂದ ಬರುವ ರೋಗಾಣುಗಳಲ್ಲಿ ಮೈಕೋಪ್ಲಾಸ್ಮಾ, ಹಿಮೋಫಿಲಸ್, ಇನ್‌ಫ್ಲುಯೆಂಜಾ ಮುಖ್ಯವಾದವು. 2020ರಿಂದ ಕೋವಿಡ್ ಕೂಡ ಈ ಪಟ್ಟಿಗೆ ಸೇರಿದೆ.

ಎರಡನೆಯ ಹೆಜ್ಜೆ ಸುತ್ತಿಗೆ. ಮೊಣಕಾಲಿಗೂ ಹಿಮ್ಮಡಿಗೂ ತಟ್ಟಿದಾಗ ಕಾಲು ಜಿಗಿಯದಿದ್ದರೆ, ಎರಡೂ ಕಡೆ ಸಮನಾಗಿ ಸೋಲಿದ್ದರೆ, ಪಾದದಲ್ಲಿ ಜುಮ್ಮೆನ್ನುವಿಕೆ ಶುರುವಾಗಿ ಸೋಲು ದಿನದಿಂದ ದಿನಕ್ಕೆ ಮೇಲೇರುತ್ತಿದ್ದರೆ ಅನುಮಾನ ಗಟ್ಟಿಯಾಗುತ್ತದೆ. ಮೊದಲ ದಿನಗಳಲ್ಲಿ ಈ ಜಿಗಿತ, ಅಂದರೆ ರಿಫ್ಲೆಕ್ಸ್, ಉಳಿದುಕೊಂಡಿರುವವರೂ ಇದ್ದಾರೆ, ಆದ್ದರಿಂದ ಅದೊಂದನ್ನೇ ನೆಚ್ಚಿಕೊಂಡು ಮನೆಗೆ ಕಳಿಸುವುದಿಲ್ಲ. ರಕ್ತದ ಪೊಟ್ಯಾಸಿಯಂ ಕೂಡಲೇ ನೋಡಿಸುತ್ತೇನೆ. ಅದು ಕಡಿಮೆಯಾದರೂ ಕೈಕಾಲು ಹೀಗೇ ಬೀಳುತ್ತವೆ, ಚಿಕಿತ್ಸೆ ಮಾತ್ರ ಪೂರ್ತಿ ಬೇರೆ. ಹೊಟ್ಟೆಯ ಮೇಲೋ ಎದೆಯ ಮೇಲೋ ಒಂದು ಗೆರೆ ಎಳೆದಂತೆ ಅದರ ಕೆಳಗೆ ಸ್ಪರ್ಶಜ್ಞಾನ ಹೋಗಿದ್ದರೆ, ಆರಂಭದಲ್ಲೇ ಮೂತ್ರ ಕಟ್ಟಿದ್ದರೆ, ಬೆನ್ನುಹುರಿಯ ಎಂಆರ್‌ಐಗೆ ಕಳಿಸುತ್ತೇನೆ.

ಬೆನ್ನು ನೋವೆಂದು ಬಂದವರ ಬಗ್ಗೆಯೂ ಎಚ್ಚರ ಬೇಕು. ಸೊಂಟದಲ್ಲಿ, ತೊಡೆಯ ಹಿಂದೆ ಸಹಿಸಲಾಗದ ನೋವು ಕೆಲವರಲ್ಲಿ ಸೋಲಿಗಿಂತ ಮೊದಲೇ ಬಂದಿರುತ್ತದೆ. ಇಂಥವರು ಡಿಸ್ಕ್ ಸಮಸ್ಯೆಯೆಂದು ಎಲ್ಲೆಲ್ಲೋ ತಿರುಗಿ ತಡವಾಗಿ ತಲುಪುತ್ತಾರೆ.

ಪರೀಕ್ಷೆಗಳ ವಿಷಯಕ್ಕೆ ಬಂದರೆ, ನನಗೆ ಅವುಗಳ ಮೇಲೆ ಗೌರವವಿದೆ, ಆದರೆ ಅವು ಹೇಳುವವರೆಗೆ ಕಾಯುವಷ್ಟಲ್ಲ. 1916ರಲ್ಲಿ ಗಿಲಾನ್, ಬಾರಿ ಮತ್ತು ಸ್ಟ್ರೋಲ್ ಇಬ್ಬರು ಸೈನಿಕರ ಬೆನ್ನುನೀರಿನಲ್ಲಿ (ಬೆನ್ನುಹುರಿಯ ಸುತ್ತಲಿನ ದ್ರವದಲ್ಲಿ) ಗಮನಿಸಿದ ಲಕ್ಷಣವನ್ನೇ ನಾವು ಇಂದಿಗೂ ಹುಡುಕುತ್ತೇವೆ: ಪ್ರೋಟೀನ್ ಹೆಚ್ಚು, ಕಣಗಳು ಮಾತ್ರ ಹೆಚ್ಚಿಲ್ಲ. ಮೊದಲ ವಾರದಲ್ಲಿ ಪ್ರೋಟೀನ್ ಮಾಮೂಲಾಗಿಯೇ ಇರುವ ರೋಗಿಗಳು ಸಾಕಷ್ಟು ಜನ. ನರಗಳಲ್ಲಿ ವಿದ್ಯುತ್ ಸಂಕೇತ ಹರಿಯುವುದನ್ನು ಅಳೆಯುವ ನರ್ವ್ ಕಂಡಕ್ಷನ್ ಪರೀಕ್ಷೆಯೂ ಆರಂಭದಲ್ಲಿ ಮೌನವಾಗಿರಬಹುದು. ಬೆನ್ನುನೀರಿನಲ್ಲಿ ಬಿಳಿ ಕಣಗಳು 50 ದಾಟಿದ್ದರೆ ಮಾತ್ರ ನಾನು ನಿಂತು ಬೇರೆ ಕಾರಣ ಹುಡುಕುತ್ತೇನೆ.

ಇನ್ನು ನನ್ನ ಕೆಲಸದ ಬಹುಪಾಲು: ಉಸಿರು.

ಈ ಕಾಯಿಲೆಯಲ್ಲಿ ನಾಲ್ಕೈದು ಜನರಲ್ಲಿ ಒಬ್ಬರಿಗಾದರೂ ವೆಂಟಿಲೇಟರ್ ಬೇಕಾಗುತ್ತದೆ. ಯಾರಿಗೆ ಎಂಬುದು ಬಂದ ದಿನ ಮುಖ ನೋಡಿ ಗೊತ್ತಾಗುವುದಿಲ್ಲ. ಉಸಿರಾಡುವ ಸ್ನಾಯುಗಳು ಸೋಲುತ್ತಿರುವವರು ಏದುಸಿರು ಬಿಡುವುದಿಲ್ಲ. ಸುಮ್ಮನಾಗುತ್ತಾರೆ, ಚಿಕ್ಕ ಚಿಕ್ಕ ವಾಕ್ಯದಲ್ಲಿ ಮಾತಾಡುತ್ತಾರೆ, ರಾತ್ರಿ ನಿದ್ದೆ ಬರುತ್ತಿಲ್ಲ ಅನ್ನುತ್ತಾರೆ. ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರ್ 98 ತೋರಿಸುತ್ತಲೇ ಇರುತ್ತದೆ. ಆ ಅಂಕಿ ಕುಸಿಯುವುದು ತೀರಾ ಕೊನೆಯಲ್ಲಿ. ಕಿರಿಯ ವೈದ್ಯರು ಫೋನಿನಲ್ಲಿ "ಸರ್, ಸ್ಯಾಚುರೇಶನ್ ಚೆನ್ನಾಗಿದೆ" ಅಂದರೆ ನಾನು ಮತ್ತೆ ಕೇಳುವುದು, "ಎಷ್ಟರವರೆಗೆ ಎಣಿಸಿದರು?"

ಎಣಿಸುವುದು ಹೀಗೆ. ರೋಗಿಯನ್ನು ಕೂರಿಸಿ, ಆಳವಾಗಿ ಉಸಿರೆಳೆದುಕೊಂಡು ಒಂದೇ ಉಸಿರಿನಲ್ಲಿ ಗಟ್ಟಿಯಾಗಿ ಒಂದು, ಎರಡು, ಮೂರು ಎಂದು ಹೇಳಿಸುತ್ತೇನೆ, ಸೆಕೆಂಡಿಗೆ ಎರಡರಂತೆ. ಆರೋಗ್ಯವಂತರು 40ರ ಆಸುಪಾಸಿಗೆ ಹೋಗುತ್ತಾರೆ. 20ಕ್ಕೂ ಮೊದಲೇ ನಿಂತರೆ ಐಸಿಯು ಹಾಸಿಗೆ ಸಿದ್ಧವಾಗಬೇಕು. ಒಬ್ಬರ ಲೆಕ್ಕವನ್ನು ಇನ್ನೊಬ್ಬರದರ ಜೊತೆ ಹೋಲಿಸುವುದಿಲ್ಲ. ಬೆಳಿಗ್ಗೆ 32 ಹೇಳಿದವರು ಸಂಜೆ 21ಕ್ಕೆ ನಿಂತರೆ ಅದೇ ನನಗೆ ಸುದ್ದಿ. ಎಣಿಸುವ ವೇಗ ಒಂದೇ ಇರಲಿ ಎಂದು ಸಾಧ್ಯವಾದಷ್ಟು ಒಬ್ಬರೇ ನರ್ಸ್ ಎಣಿಸಿ ಬರೆದಿಡುವಂತೆ ನೋಡಿಕೊಳ್ಳುತ್ತೇನೆ. ಜೊತೆಗೆ ದಿಂಬಿನಿಂದ ತಲೆ ಎತ್ತಲು ಹೇಳುತ್ತೇನೆ. ಕತ್ತು ಎತ್ತುವ ಶಕ್ತಿ ಹೋಗುತ್ತಿದ್ದರೆ ಉಸಿರೆಳೆಯುವ ಮುಖ್ಯ ಸ್ನಾಯುವಾದ ವಪೆಯೂ ಸೋಲುತ್ತಿರುವ ಸಾಧ್ಯತೆ ಹೆಚ್ಚು.

ಉಪಕರಣವಿರುವಲ್ಲಿ ವೈಟಲ್ ಕೆಪಾಸಿಟಿ, ಅಂದರೆ ಪೂರ್ತಿ ಉಸಿರೆಳೆದು ಹೊರಬಿಡಬಲ್ಲ ಗಾಳಿಯ ಪ್ರಮಾಣ, ಅಳೆಯುತ್ತೇವೆ. ಅದು ದೇಹದ ತೂಕದ ಕಿಲೋಗೆ 20 ಮಿಲಿಲೀಟರ್‌ಗಿಂತ ಕೆಳಗಿಳಿದರೆ, ಅಥವಾ ಮೊದಲಿದ್ದದ್ದಕ್ಕಿಂತ ಶೇ 30ರಷ್ಟು ಕುಸಿದರೆ, ನಾನು ತಡಮಾಡುವುದಿಲ್ಲ. ಒಂದು ಸಣ್ಣ ವಿಷಯ: ಮುಖದ ಎರಡೂ ಕಡೆ ಸೋತವರಿಗೆ ತುಟಿ ಬಿಗಿಹಿಡಿಯಲು ಆಗುವುದಿಲ್ಲ, ಕೊಳವೆಯ ಪಕ್ಕದಿಂದ ಗಾಳಿ ಸೋರಿ ಅಂಕಿ ಸುಳ್ಳಾಗುತ್ತದೆ. ಅಂಥವರಿಗೆ ಮಾಸ್ಕ್ ಹಿಡಿದು ಅಳೆಯಬೇಕು. ವೆಂಟಿಲೇಟರ್‌ಗಾಗಿ ಗಂಟಲಿಗೆ ಟ್ಯೂಬ್ ಹಾಕುವುದೇ ಆದರೆ ಹಗಲಿನಲ್ಲಿ, ಸಾವಕಾಶವಾಗಿ, ಅರಿವಳಿಕೆಯವರು ಜೊತೆಗಿರುವಾಗ ಹಾಕುವುದು ನನಗೆ ಇಷ್ಟ. ಟ್ಯೂಬ್ ಹಾಕುವಾಗ ಸ್ನಾಯು ಸಡಿಲಿಸಲು ಕೊಡುವ ಸಕ್ಸಿನೈಲ್‌ಕೋಲಿನ್ ಬೇಡ ಎಂದು ಕೇಸ್ ಶೀಟಿನ ಮೇಲೆಯೇ ದೊಡ್ಡದಾಗಿ ಬರೆದಿರುತ್ತೇನೆ. ಪೊಟ್ಯಾಸಿಯಂ ಏಕಾಏಕಿ ಏರಿ ಹೃದಯ ನಿಲ್ಲಬಹುದು.

ಚಿಕಿತ್ಸೆ ಎರಡು ಬಗೆಯದು, ಫಲ ಹೆಚ್ಚುಕಡಿಮೆ ಒಂದೇ. ಐವಿಐಜಿ, ಅಂದರೆ ದಾನಿಗಳ ರಕ್ತದಿಂದ ತೆಗೆದ ಪ್ರತಿಕಾಯಗಳನ್ನು ರಕ್ತನಾಳಕ್ಕೆ ಕೊಡುವುದಾದರೆ, ಕಿಲೋಗೆ ದಿನಕ್ಕೆ 0.4 ಗ್ರಾಂ, ಐದು ದಿನ. ಪ್ಲಾಸ್ಮಾ ಎಕ್ಸ್‌ಚೇಂಜ್, ಅಂದರೆ ರಕ್ತದ ದ್ರವಭಾಗವನ್ನು ತೆಗೆದು ಬದಲಿಸುವುದಾದರೆ, ಒಂದೆರಡು ವಾರಗಳಲ್ಲಿ ನಾಲ್ಕೈದು ಬಾರಿ. ಎರಡನ್ನೂ ಒಂದರ ಹಿಂದೆ ಒಂದು ಮಾಡಿದರೆ ಹೆಚ್ಚಿನ ಲಾಭವಿಲ್ಲ. ಕಿರಿಯರು ಪ್ರತಿ ಬಾರಿ ಕೇಳುವ ಪ್ರಶ್ನೆ ಸ್ಟೀರಾಯ್ಡ್ ಬಗ್ಗೆ. ದೇಹದ ರೋಗನಿರೋಧಕ ವ್ಯವಸ್ಥೆಯದೇ (ಇಮ್ಯೂನ್) ಕಾಯಿಲೆಯಲ್ಲವೇ, ಕೊಟ್ಟರೇನು? ಕೊಟ್ಟು ನೋಡಿ ಆಗಿದೆ; ಇದರಲ್ಲಿ ಕೆಲಸ ಮಾಡುವುದಿಲ್ಲ, ಮಾತ್ರೆಯ ರೂಪದಲ್ಲಿ ಚೇತರಿಕೆಯನ್ನು ನಿಧಾನಿಸಲೂಬಹುದು. ಐವಿಐಜಿ ಮುಗಿದು ವಾರವಾದರೂ ಏಳಲಿಲ್ಲ, ಇನ್ನೊಂದು ಸುತ್ತು ಕೊಡಿ ಎಂದು ಮನೆಯವರು ಬೇಡಿಕೊಳ್ಳುತ್ತಾರೆ. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ತೀವ್ರ ಸ್ಥಿತಿಯ ರೋಗಿಗಳಿಗೆ ಎರಡನೇ ಸುತ್ತಿನಿಂದ ಉಪಯೋಗವಾಗಲಿಲ್ಲ, ರಕ್ತ ಹೆಪ್ಪುಗಟ್ಟುವಂಥ ತೊಂದರೆಗಳು ಹೆಚ್ಚಾದವು. ಇದನ್ನು ಅವರಿಗೆ ವಿವರಿಸಿ ಒಪ್ಪಿಸುವುದು ಔಷಧಿ ಕೊಡುವುದಕ್ಕಿಂತ ಕಷ್ಟ. ಸುಧಾರಿಸಿ ಮತ್ತೆ ಸೋತವರ ಕಥೆ ಬೇರೆ, ಅವರಿಗೆ ಮತ್ತೊಮ್ಮೆ ಕೊಡುವುದುಂಟು.

ಐಸಿಯುದಲ್ಲಿ ನನಗೆ ಭಯ ಹುಟ್ಟಿಸುವುದು ರಕ್ತದೊತ್ತಡ. ಒಂದು ಗಳಿಗೆ 190, ಮುಂದಿನ ಗಳಿಗೆ 80. ಏರಿದಾಗ ಮೇಲೆ ಬಿದ್ದು ಇಳಿಸಲು ಹೋದರೆ ಪಾತಾಳಕ್ಕೆ ಹೋಗುತ್ತದೆ. ಕೊಡಲೇಬೇಕಾದರೆ ಪರಿಣಾಮ ಬೇಗ ಇಳಿದುಹೋಗುವ ಔಷಧಿ, ಅದೂ ಸಣ್ಣ ಪ್ರಮಾಣದಲ್ಲಿ. ಗಂಟಲ ಕಫ ಎಳೆಯುವಾಗ ನಾಡಿ ಥಟ್ಟನೆ ಇಳಿಯಬಹುದು, ಆದ್ದರಿಂದ ನಾಡಿ ಏರಿಸುವ ಅಟ್ರೋಪಿನ್ ಕೈಗೆ ಸಿಗುವಂತೆ ಇರುತ್ತದೆ.

ವೆಂಟಿಲೇಟರ್ ಮೇಲಿರುವವರಿಗೆ ಎಲ್ಲವೂ ಕೇಳಿಸುತ್ತದೆ. ಕಣ್ಣೂ ಮುಚ್ಚಲಾಗದ ಸ್ಥಿತಿಯಲ್ಲಿ ಮಲಗಿ, ಹಾಸಿಗೆಯ ಬುಡದಲ್ಲಿ ನಿಂತವರು "ಇವರು ಉಳಿಯುತ್ತಾರಾ" ಎಂದು ಪಿಸುಗುಟ್ಟುವುದನ್ನು ಕೇಳಿಸಿಕೊಂಡವರು ವಾಸಿಯಾದ ಮೇಲೆ ನನಗೆ ಹೇಳಿದ್ದಾರೆ. ಅಂಥ ಮಾತು ಹೊರಗೆ ಆಡಬೇಕೆಂದು ನಾನು ಖಡಾಖಂಡಿತವಾಗಿ ಹೇಳುತ್ತೇನೆ. ಕೆಲವರಿಗೆ ಎದ್ದಿರುವಾಗಲೇ ವಿಚಿತ್ರ ಕನಸುಗಳೂ ಕಾಣಿಸುತ್ತವೆ. ಹುಚ್ಚು ಹಿಡಿಯುತ್ತಿಲ್ಲ, ಇದೂ ಕಾಯಿಲೆಯದೇ ಭಾಗ ಎಂದು ಕಿವಿಯ ಹತ್ತಿರ ಹೇಳಿದರೆ ಸಮಾಧಾನವಾಗುತ್ತದೆ.

ಎಲ್ಲರಲ್ಲೂ ಕಾಲಿನಿಂದಲೇ ಶುರುವಾಗುವುದಿಲ್ಲ. ಒಂದೇ ವಸ್ತು ಎರಡಾಗಿ ಕಾಣುತ್ತಿದೆ, ನಡೆದರೆ ತೂರಾಡುತ್ತಿದ್ದೇನೆ ಎಂದು ಬರುವವರಲ್ಲಿ ಕಣ್ಣುಗುಡ್ಡೆ ಅಲುಗಾಡದೆ, ರಿಫ್ಲೆಕ್ಸ್ ಸಿಗದೆ ಇದ್ದರೆ ಅದು 1956ರಲ್ಲಿ ಮಿಲ್ಲರ್ ಫಿಶರ್ ವಿವರಿಸಿದ ಬಗೆ. ಜಿಕ್ಯು1ಬಿ ಎಂಬ ಗ್ಯಾಂಗ್ಲಿಯೋಸೈಡ್ ವಿರುದ್ಧದ ಪ್ರತಿಕಾಯ ಇವರಲ್ಲಿ ಬಹುತೇಕರಿಗೆ ಸಿಗುತ್ತದೆ. ಹೆಚ್ಚಿನವರು ತಾವಾಗಿಯೇ ಸುಧಾರಿಸುತ್ತಾರೆ. ಆದರೂ ಉಸಿರು ಎಣಿಸುವುದನ್ನು ಬಿಡುವುದಿಲ್ಲ, ಕೆಲವರಲ್ಲಿ ಇದೇ ಮುಂದೆ ಕೈಕಾಲಿಗೆ ಹಬ್ಬುತ್ತದೆ.

ಸೋಲು ನಾಲ್ಕು ವಾರದೊಳಗೆ ತನ್ನ ತಳ ಮುಟ್ಟುತ್ತದೆ. ಎಂಟು ವಾರವಾದರೂ ಇನ್ನೂ ಕುಸಿಯುತ್ತಲೇ ಇದ್ದರೆ ಅದು ಬೇರೆಯೇ, ದೀರ್ಘಕಾಲದ ಕಾಯಿಲೆ ಎಂದುಕೊಂಡು ಮತ್ತೆ ಮೊದಲಿನಿಂದ ಪರೀಕ್ಷಿಸುತ್ತೇನೆ. ಚೇತರಿಕೆಗೆ ತಿಂಗಳುಗಳು ಹಿಡಿಯುತ್ತವೆ. ಆರು ತಿಂಗಳಾದ ಮೇಲೂ ಐವರಲ್ಲಿ ಒಬ್ಬರಿಗೆ ಆಸರೆಯಿಲ್ಲದೆ ನಡೆಯಲಾಗದು. ನಡೆಯಲು ಶುರುಮಾಡಿದವರಿಗೂ ಸುಸ್ತು ವರ್ಷಗಟ್ಟಲೆ ಉಳಿಯುತ್ತದೆ. ಅದನ್ನು ಸೋಮಾರಿತನ ಎನ್ನಬೇಡಿ ಎಂದು ಮನೆಯವರಿಗೆ, ಕೆಲವೊಮ್ಮೆ ಕೆಲಸ ಕೊಟ್ಟವರಿಗೂ, ಪತ್ರ ಬರೆದುಕೊಟ್ಟಿದ್ದೇನೆ.

ತಪಾಸಣೆಗೆ ಮರಳಿ ಬಂದವರು ಕೇಳುವುದು ಫ್ಲೂ ಲಸಿಕೆಯ ಬಗ್ಗೆ. 1976ರಲ್ಲಿ ಅಮೆರಿಕದಲ್ಲಿ ಹಂದಿಜ್ವರದ ಲಸಿಕೆ ಪಡೆದವರಲ್ಲಿ ಲಕ್ಷಕ್ಕೆ ಸುಮಾರು ಒಂದರಷ್ಟು ಹೆಚ್ಚುವರಿ ಜಿಬಿಎಸ್ ಕಂಡಿದ್ದು ನಿಜ. ಈಗಿನ ಲಸಿಕೆಗಳಲ್ಲಿ ಆ ಅಪಾಯ ಅದಕ್ಕಿಂತ ಬಹಳ ಕಡಿಮೆ, ಫ್ಲೂ ಬಂದರೆ ಆಗುವ ಅಪಾಯವೇ ದೊಡ್ಡದು. ಹಾಗಾಗಿ ಬಹುತೇಕರಿಗೆ ಹಾಕಿಸಿಕೊಳ್ಳಿ ಅನ್ನುತ್ತೇನೆ. ಲಸಿಕೆ ಪಡೆದ ಆರು ವಾರದೊಳಗೆ ಕಾಯಿಲೆ ಬಂದವರಿಗೆ ಮಾತ್ರ ಅದೇ ಲಸಿಕೆ ಮತ್ತೆ ಬೇಕೇ ಎಂಬುದನ್ನು ಅವರ ವಯಸ್ಸು, ಶ್ವಾಸಕೋಶದ ಸ್ಥಿತಿ ನೋಡಿ, ಅವರ ಜೊತೆಯೇ ಕೂತು ತೀರ್ಮಾನಿಸುತ್ತೇನೆ.