ರಕ್ತದ ಪ್ರೋಟೀನ್ ಅಳೆದು ಕಾಯಿಲೆಯ ಅಪಾಯ ಲೆಕ್ಕ ಹಾಕುವುದು: ನಾವು ಮಾಡುವ ಕ್ರಮ

ಬ್ರಿಟನ್ನಿನ ದೊಡ್ಡ ಆರೋಗ್ಯ ಅಧ್ಯಯನವಾದ ಯುಕೆ ಬಯೋಬ್ಯಾಂಕಿನ ಐವತ್ತು ಸಾವಿರಕ್ಕೂ ಹೆಚ್ಚು ಜನರ ಪ್ಲಾಸ್ಮಾದಲ್ಲಿ (ರಕ್ತಕಣ ತೆಗೆದ ಮೇಲಿನ ದ್ರವ) ಸುಮಾರು 2,900 ಪ್ರೋಟೀನ್‌ಗಳನ್ನು ಅಳೆದ ಕೆಲಸ 2023ರಲ್ಲಿ ಪ್ರಕಟವಾಯಿತು. ಆಮೇಲಂತೂ ಎಲ್ಲರ ಬಾಯಲ್ಲೂ ಪ್ರೋಟೀನ್‌ಗಳಿಂದ ಅಪಾಯ ಲೆಕ್ಕ ಹಾಕುವ ಮಾಡೆಲ್‌ನದೇ ಮಾತು. ಆದರೆ ಲೆಕ್ಕ ಕೆಡುವುದು ಹೆಚ್ಚಾಗಿ ಅದಕ್ಕೂ ಮುಂಚೆ, ರಕ್ತ ತೆಗೆದ ಮೊದಲ ಒಂದೆರಡು ಗಂಟೆಗಳಲ್ಲಿ.

ನಾವು ಬಳಸುವುದು ನೇರಳೆ ಮುಚ್ಚಳದ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ಇಡಿಟಿಎ ಟ್ಯೂಬ್. ಗುರುತಿನವರೆಗೂ ರಕ್ತ ತುಂಬಿಸಿ, ಕೂಡಲೇ 8ರಿಂದ 10 ಸಲ ನಿಧಾನವಾಗಿ ತಲೆಕೆಳಗು ಮಾಡಬೇಕು; ಕುಲುಕಬಾರದು. ಸೀರಮ್ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ದ್ರವ) ಕೂಡ ಆಗುತ್ತದೆ, ಆದರೆ ರಕ್ತ ಹೆಪ್ಪುಗಟ್ಟುವಾಗ ಪ್ಲೇಟ್ಲೆಟ್‌ಗಳು (ರಕ್ತ ಹೆಪ್ಪುಗಟ್ಟಿಸುವ ಸಣ್ಣ ಕಣಗಳು) ತಮ್ಮೊಳಗಿನ ಪ್ರೋಟೀನ್‌ಗಳನ್ನು ಹೊರಬಿಡುತ್ತವೆ. ಆದ್ದರಿಂದ ಒಂದೇ ಅಧ್ಯಯನದಲ್ಲಿ ಎರಡನ್ನೂ ಬೆರೆಸುವುದಿಲ್ಲ.

ಒಂದು ಗಂಟೆಯೊಳಗೆ 2,000 ಜಿ ಬಲದಲ್ಲಿ (ಗುರುತ್ವದ 2,000 ಪಟ್ಟು) 10 ನಿಮಿಷ ಸೆಂಟ್ರಿಫ್ಯೂಜ್. ಬರೆದಿಡಬೇಕಾದದ್ದು ಜಿ, ಆರ್‌ಪಿಎಂ (ನಿಮಿಷಕ್ಕೆ ಸುತ್ತು) ಅಲ್ಲ. ರೋಟರ್ ತ್ರಿಜ್ಯ 16 ಸೆಂ.ಮೀ. ಇದ್ದರೆ 2,000 ಜಿಗೆ ಸುಮಾರು 3,340 ಆರ್‌ಪಿಎಂ ಬೇಕು. 10 ಸೆಂ.ಮೀ. ರೋಟರ್‌ನಲ್ಲಿ 3,000 ಆರ್‌ಪಿಎಂ ಇಟ್ಟರೆ ಸಿಗುವುದು ಬರೀ 1,000 ಜಿ, ಪ್ಲೇಟ್ಲೆಟ್‌ಗಳು ಪ್ಲಾಸ್ಮಾದಲ್ಲೇ ಉಳಿದುಬಿಡುತ್ತವೆ. ಪ್ಲಾಸ್ಮಾ ಎಳೆಯುವಾಗ ಕೆಂಪುಕಣಗಳ ಮೇಲೆ ಕೂರುವ ಬಿಳಿ ರಕ್ತಕಣಗಳ ಪದರದ ಮೇಲಿನ ಅರ್ಧ ಸೆಂ.ಮೀ. ಹಾಗೇ ಬಿಡಬೇಕು, ಕೊನೆಯ ಹನಿಯ ಆಸೆಗೆ ಬಿದ್ದರೆ ಪದರ ಕದಡುತ್ತದೆ. 250 ಮೈಕ್ರೋಲೀಟರ್‌ನಂತೆ ಸಣ್ಣ ಟ್ಯೂಬ್‌ಗಳಿಗೆ ಹಂಚಿ ಮೈನಸ್ 80 ಡಿಗ್ರಿಯಲ್ಲಿಟ್ಟರೆ, ಒಂದು ಪರೀಕ್ಷೆಗಾಗಿ ಇಡೀ ಮಾದರಿಯನ್ನು ಕರಗಿಸುವ ಪ್ರಮೇಯ ಬರುವುದಿಲ್ಲ. ಎರಡಕ್ಕಿಂತ ಹೆಚ್ಚು ಸಲ ಕರಗಿ ಹೆಪ್ಪುಗಟ್ಟಿದ್ದನ್ನು ನಾವು ಬಳಸುವುದಿಲ್ಲ.

ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕೆಂಪು ರಕ್ತಕಣ ಒಡೆದಿದೆ ಎಂದರ್ಥ. ಕಣ್ಣಿಗೆ ಕಾಣದಷ್ಟು ಒಡೆದಿದ್ದರೂ ದತ್ತಾಂಶದಲ್ಲಿ ಸಿಕ್ಕಿಬೀಳುತ್ತದೆ: ಕಾರ್ಬಾನಿಕ್ ಅನ್‌ಹೈಡ್ರೇಸ್, ಕ್ಯಾಟಲೇಸ್ ಒಟ್ಟಿಗೆ ಏರಿದರೆ ಕೆಂಪುಕಣ, ಸಿಡಿ40 ಲಿಗ್ಯಾಂಡ್, ಪಿಡಿಜಿಎಫ್ ಏರಿದರೆ ಪ್ಲೇಟ್ಲೆಟ್. ಯಾವ ವಿಶ್ಲೇಷಣೆಗೂ ಮೊದಲು ಈ ನಾಲ್ಕರ ಗ್ರಾಫ್ ನೋಡುವುದು ನಮ್ಮ ರೂಢಿ. 'ಹೊಸ ಬಯೋಮಾರ್ಕರ್' ಎಂದು ಸಂಭ್ರಮಿಸುವ ಎಷ್ಟೋ ಸಂಗತಿಗಳು ಇಲ್ಲೇ ಕರಗಿಹೋಗುತ್ತವೆ.

96 ಗುಳಿಯ ಪ್ಲೇಟಿನಲ್ಲಿ 8 ಗುಳಿ ಕಂಟ್ರೋಲ್‌ಗೆ (ಅಳತೆ ಸರಿಯಿದೆಯೇ ನೋಡುವ ಮಾದರಿ), 88 ಮಾದರಿಗೆ. ಕಾಯಿಲೆ ಬಂದವರೆಲ್ಲ ಒಂದು ಪ್ಲೇಟಿಗೆ, ಬಾರದವರೆಲ್ಲ ಇನ್ನೊಂದಕ್ಕೆ ಹೋದರೆ ಪ್ಲೇಟುಗಳ ನಡುವಿನ ವ್ಯತ್ಯಾಸವೇ ಕಾಯಿಲೆಯಂತೆ ಕಾಣುತ್ತದೆ. ಆದ್ದರಿಂದ ಚೀಟಿ ಎತ್ತಿದಂತೆ ಕಲಸಿಯೇ ಜೋಡಿಸಬೇಕು. ಕಂಟ್ರೋಲ್‌ಗಳಲ್ಲಿ ಸಿವಿ (ಸರಾಸರಿಗೆ ಹೋಲಿಸಿ ಅಳತೆಗಳ ಏರುಪೇರು) 20 ಶೇಕಡಾ ಮೀರುವ ಪ್ರೋಟೀನ್‌ಗಳನ್ನು ಕೈಬಿಡುತ್ತೇವೆ.

ಮಾಡೆಲ್‌ಗೆ ಮೊದಲ ಎದುರಾಳಿ ವಯಸ್ಸು. ವಯಸ್ಸು, ಲಿಂಗ, ರಕ್ತದೊತ್ತಡ, ಧೂಮಪಾನ, ಮಧುಮೇಹ ಇಷ್ಟನ್ನೇ ಹಾಕಿ ಸಿ-ಇಂಡೆಕ್ಸ್ (ಯಾರಿಗೆ ಮೊದಲು ಕಾಯಿಲೆ ಬರುತ್ತದೆ ಎಂದು ಮಾಡೆಲ್ ಎಷ್ಟು ಸರಿಯಾಗಿ ಹೇಳುತ್ತದೆ ಎಂಬ ಅಂಕ) ತೆಗೆದು, ಆಮೇಲೆ ಪ್ರೋಟೀನ್ ಸೇರಿಸಿ ಎಷ್ಟು ಏರಿತು ನೋಡಬೇಕು. ಜಿಡಿಎಫ್15 ಎಂಬ ಪ್ರೋಟೀನ್ ವಯಸ್ಸಿನೊಂದಿಗೂ ಏರುತ್ತದೆ, ಮಧುಮೇಹದ ಮಾತ್ರೆ ಮೆಟ್‌ಫಾರ್ಮಿನ್ ತೆಗೆದುಕೊಳ್ಳುವವರಲ್ಲೂ ಏರುತ್ತದೆ. ಕಿಡ್ನಿ ಸೋಸುವುದು ಕಡಿಮೆಯಾದರೆ ಸಿಸ್ಟಾಟಿನ್ ಸಿ, ಬೀಟಾ-2 ಮೈಕ್ರೋಗ್ಲೋಬ್ಯುಲಿನ್‌ನಂಥ ಸಣ್ಣ ಪ್ರೋಟೀನ್‌ಗಳು ರಕ್ತದಲ್ಲೇ ಉಳಿಯುತ್ತವೆ. ಹೃದಯದ ಕಥೆ ಎಂದುಕೊಂಡದ್ದು ಕಿಡ್ನಿಯದಾಗಿರಬಹುದು. ರಕ್ತ ಕೊಟ್ಟ ಎರಡು ವರ್ಷದೊಳಗೆ ಕಾಯಿಲೆ ಗೊತ್ತಾದವರನ್ನು ತೆಗೆದು ಮತ್ತೊಮ್ಮೆ ಲೆಕ್ಕ ಹಾಕುತ್ತೇವೆ. ಆಗ ಮಾಡೆಲ್ ಕುಸಿದರೆ, ಅದು ಮುಂದಿನದನ್ನು ಹೇಳುತ್ತಿರಲಿಲ್ಲ, ಆಗಲೇ ಇದ್ದದ್ದನ್ನು ಹಿಡಿಯುತ್ತಿತ್ತು.

ಇನ್ನು ಕಟ್-ಆಫ್, ಅಂದರೆ 'ಪಾಸಿಟಿವ್' ಎನ್ನಲು ಗೆರೆ ಎಳೆಯುವ ಅಂಕೆ. ಸಾವಿರ ಜನರಲ್ಲಿ 10 ಮಂದಿಗೆ ಕಾಯಿಲೆ ಬರುವುದಿದೆ, ಪರೀಕ್ಷೆಯ ಸಂವೇದನೆ (ಕಾಯಿಲೆ ಬರುವವರನ್ನು ಹಿಡಿಯುವ ಪ್ರಮಾಣ) 80 ಶೇಕಡಾ, ನಿರ್ದಿಷ್ಟತೆ (ಬಾರದವರನ್ನು ಬಿಡುವ ಪ್ರಮಾಣ) 90 ಶೇಕಡಾ ಎನ್ನಿ. 8 ಮಂದಿ ಸಿಕ್ಕುತ್ತಾರೆ. ಜೊತೆಗೆ 99 ಆರೋಗ್ಯವಂತರೂ 'ಪಾಸಿಟಿವ್'. ಅಂದರೆ ಪಾಸಿಟಿವ್ ಬಂದ 107 ಮಂದಿಯಲ್ಲಿ ನಿಜವಾದವರು 8. ಅವರೆಲ್ಲರಿಗೂ ಮುಂದೇನು ಮಾಡುತ್ತೀರಿ ಎಂಬುದಕ್ಕೆ ಉತ್ತರ ಮೊದಲೇ ಇರಬೇಕು. ಹೃದಯ ವೈಫಲ್ಯ ತಡೆಯುವ ಐರ್ಲೆಂಡಿನ ಸ್ಟಾಪ್-ಎಚ್‌ಎಫ್ ಪ್ರಯೋಗದಲ್ಲಿ (2013) ಉತ್ತರ ಸ್ಪಷ್ಟವಿತ್ತು: ಬಿಎನ್‌ಪಿ (ಹೃದಯದ ಮೇಲೆ ಒತ್ತಡ ಬಿದ್ದಾಗ ಏರುವ ಹಾರ್ಮೋನ್) 50 ಪಿಕೋಗ್ರಾಂ/ಮಿ.ಲೀ. ಅಥವಾ ಹೆಚ್ಚಿದ್ದರೆ ಎಕೋ (ಹೃದಯದ ಸ್ಕ್ಯಾನ್), ಹೃದ್ರೋಗ ತಜ್ಞರ ನಿಗಾ. ಹೃದಯ ವೈಫಲ್ಯ ಮತ್ತು ಎಡ ಹೃತ್ಕುಕ್ಷಿಯ ದೌರ್ಬಲ್ಯ, ಎರಡನ್ನೂ ಒಟ್ಟು ಸೇರಿಸಿ ಎಣಿಸಿದಾಗ, ಹೀಗೆ ನೋಡಿಕೊಂಡ ಗುಂಪಿನಲ್ಲಿ ಕಡಿಮೆಯಾದವು.

ಬಹುಪಾಲು ದೊಡ್ಡ ಪ್ಯಾನೆಲ್‌ಗಳು ಕೊಡುವುದು ಸಾಪೇಕ್ಷ ಅಳತೆ. ಲಾಗ್2 ಮಾನದಲ್ಲಿ 1 ಅಂಕ ಹೆಚ್ಚಿದೆ ಎಂದರೆ ಪ್ರೋಟೀನ್ ಸುಮಾರು ಇಮ್ಮಡಿ, ಅಷ್ಟೇ. ಅದರ ಮೇಲೆ ಕಟ್-ಆಫ್ ನಿಲ್ಲಿಸಲಾಗದು. ಅದಕ್ಕೇ ಗೆದ್ದ ಐದಾರು ಪ್ರೋಟೀನ್‌ಗಳನ್ನು ಆರಿಸಿ, ಸ್ಟ್ಯಾಂಡರ್ಡ್ ಕರ್ವ್ (ಪ್ರಮಾಣ ಗೊತ್ತಿರುವ ಮಾದರಿಗಳ ಗ್ರಾಫ್) ಇರುವ ಎಲೈಸಾ ಪರೀಕ್ಷೆಯಲ್ಲಿ ಮತ್ತೆ ಅಳೆಯುತ್ತೇವೆ.

ವ್ಯಕ್ತಿಗೆ ವರದಿ ಕೊಡುವಾಗ ಒಂದೇ ಅಳತೆಯನ್ನು ನೆಚ್ಚುವುದಿಲ್ಲ. ಉರಿಯೂತ ತೋರಿಸುವ ಪ್ರೋಟೀನ್ ಎಚ್‌ಎಸ್-ಸಿಆರ್‌ಪಿ 3 ಮಿ.ಗ್ರಾಂ/ಲೀ. ಮೀರಿದರೆ ಹೃದಯದ ಅಪಾಯ ಹೆಚ್ಚೆಂದು ಎಣಿಕೆ. ಆದರೆ 10 ದಾಟಿದ್ದರೆ ಅದು ಬಹುಶಃ ನೆಗಡಿ, ಹಲ್ಲಿನ ಸೋಂಕು. ಎರಡು ವಾರ ಬಿಟ್ಟು ಮತ್ತೆ ರಕ್ತ. ಸ್ಥೂಲಕಾಯದವರಲ್ಲಿ ಬಿಎನ್‌ಪಿಯ ಜೊತೆಗಾರ ಎನ್‌ಟಿ-ಪ್ರೊಬಿಎನ್‌ಪಿ ಸಹಜವಾಗಿಯೇ ಕಡಿಮೆ ಬರುತ್ತದೆ, ಹಾಗಾಗಿ ಅವರ ಕಡಿಮೆ ಅಂಕೆಯ ಪಕ್ಕದಲ್ಲಿ ಬಿಎಂಐ ಬರೆಯದೆ ವರದಿ ಹೊರಗೆ ಹೋಗುವುದಿಲ್ಲ.