ಬೆಳಗಿನವರೆಗೂ ಆರದ ಕಲ್ಲಿದ್ದಲು ಒಲೆ

ನಾವಿರುವುದು ಅಮೆರಿಕದ ಪೆನ್ಸಿಲ್ವೇನಿಯಾದ ಸ್ಕ್ರಾಂಟನ್ ಹತ್ತಿರ. ಆಂಥ್ರಸೈಟ್ ಎಂಬ ಗಟ್ಟಿ ಕಲ್ಲಿದ್ದಲಿನ ಸೀಮೆ. ಮನೆ ಬೆಚ್ಚಗಿಡುವ ಒಲೆಗೆ ರಾತ್ರಿ 10ಕ್ಕೆ ಕಲ್ಲಿದ್ದಲು ತುಂಬಿದರೆ ಬೆಳಗಿನ ಜಾವ 4ಕ್ಕೇ ತಣ್ಣಗಾಗುತ್ತಿತ್ತು. ಮಗು ಚಳಿಗೆ ಎದ್ದು ಅಳುತ್ತಿತ್ತು.

ಊರಲ್ಲಿ ಬಚ್ಚಲೊಲೆಗೆ ಸೌದೆ ಹಾಕುವ ಹಾಗೆ ಸ್ವಲ್ಪ ಸ್ವಲ್ಪವೇ ಹಾಕಿ, ಮೇಲಿಂದ ಕೆದಕುತ್ತಿದ್ದೆ. ಸೌದೆಗೆ ಅದು ಸರಿ. ಈ ಗಟ್ಟಿ ಕಲ್ಲಿದ್ದಲಿಗೆ ಗಾಳಿ ಕೆಳಗಿನಿಂದ ಬರಬೇಕು, ರಾಶಿಯೂ ದಪ್ಪಗಿರಬೇಕು. ಕೆದಕಿದರೆ ಬೂದಿ ಸಂದಿಗಳಲ್ಲಿ ಕೂತು ಗಾಳಿಯನ್ನೇ ತಡೆಯುತ್ತದೆ.

ಈಗ ಮೊದಲು ಕೆಳಗಿನ ಗಾಳಿಕಿಂಡಿ ತೆರೆದು ಬೆಂಕಿ ಚುರುಕು ಮಾಡುತ್ತೇನೆ. ಆಮೇಲೆ ಕಲ್ಲಿದ್ದಲಿನ ಕೆಳಗಿರುವ ಜಾಲರಿಯ ಹಿಡಿಯನ್ನು ಸಣ್ಣಗೆ ಅಲ್ಲಾಡಿಸುತ್ತೇನೆ, ಬೂದಿ ತಟ್ಟೆಯ ಮೇಲೆ ಕೆಂಪು ಬೆಳಕು ಕಾಣುವವರೆಗೆ ಮಾತ್ರ. ಜಾಸ್ತಿ ಬೇಡ. ನಂತರ ಒಳಗಿನ ಇಟ್ಟಿಗೆಯ ಅಂಚಿನವರೆಗೂ ತುಂಬುತ್ತೇನೆ. ಒಂದು ಮೂಲೆಯಲ್ಲಿ ಕೆಂಡ ಕಾಣುವ ಹಾಗೆ ಬಿಡಲೇಬೇಕು. ಹೊಸ ಇದ್ದಲಿನಿಂದ ಏಳುವ ಅನಿಲ ಅಲ್ಲೇ ಹೊತ್ತಿಕೊಳ್ಳುತ್ತದೆ. ಇಲ್ಲದಿದ್ದರೆ ಒಳಗೇ ತುಂಬಿಕೊಂಡು ಢಬ್ ಅಂತ ಸಿಡಿಯಬಹುದು. ನೀಲಿ ಜ್ವಾಲೆಗಳು ಮೇಲೆಲ್ಲ ಕುಣಿಯಲು ಶುರುವಾದ ಮೇಲೆಯೇ ಗಾಳಿ ಕಡಿಮೆ ಮಾಡುವುದು.

ಈಗ 12 ಗಂಟೆ ಆರಾಮಾಗಿ ಉರಿಯುತ್ತದೆ, ಮನೆಯೂ ಬೆಚ್ಚಗಿರುತ್ತದೆ. ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲದ ಅಲಾರಂ ಮಾತ್ರ ಮಲಗುವ ಕೋಣೆಯ ಹತ್ತಿರ ಇರಲೇಬೇಕು, ದಯವಿಟ್ಟು ಮರೆಯಬೇಡಿ.